ಮನೆಗೆ ಬಂದ ಕಚೇರಿ, ಮನೆ ಬಿಟ್ಟ ಭಾನುವಾರ



ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮ್ಮ ಕುಟುಂಬಗಳಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದ ಮಕ್ಕಳು ಈಗ ಇದ್ದಾರೆ. ಕಲ್ಲಿನ ಕೆಲಸ, ಗಾರೆ ಕೆಲಸ ಎಂದು ಊರೂರು ಅಲೆದ ತಂದೆತಾಯಿಗಳು ಹೊಟ್ಟೆಬಟ್ಟೆ ಕಟ್ಟಿ ಓದಿಸಿದ ಮಕ್ಕಳು ಇವರು. ಮಗ ನೆರಳಿನಲ್ಲಿ ಕುಳಿತು ದುಡಿಯುತ್ತಾನಲ್ಲ ಎಂಬ ತಾಯಿಯ ಸಮಾಧಾನವನ್ನು ಹಗುರವಾಗಿ ಕಾಣಬಾರದು. ಅದು ಒಂದು ತಲೆಮಾರಿನ ಬೆವರಿಗೆ ಸಿಕ್ಕ ಫಲ.

ಆದರೆ ಅದೇ ತಾಯಿ ಇನ್ನೊಂದು ಮಾತನ್ನೂ ಹೇಳುತ್ತಾರೆ. "ಊರಿಗೆ ಬಂದರೂ ಬಂದ ಹಾಗಿಲ್ಲ. ಬಾಗಿಲು ಮುಚ್ಚಿಕೊಂಡು ಕೂತಿರ್ತಾನೆ. ಊಟಕ್ಕೆ ಕರೆದರೆ ಕೈ ಸನ್ನೆ ಮಾಡ್ತಾನೆ." ಭಾನುವಾರ ದೇವಾಲಯದ ಗಂಟೆ ಬಾರಿಸುವ ಹೊತ್ತಿಗೆ ಮಗನಿಗೆ ನಿದ್ದೆ. ಏಕೆಂದರೆ ಅಮೆರಿಕದ ಶನಿವಾರ ಸಂಜೆ ನಮ್ಮ ಭಾನುವಾರದ ಬೆಳಗು. ಅಲ್ಲಿಯ ಯಂತ್ರಗಳನ್ನು ಅವನು ರಾತ್ರಿಯಿಡೀ ಕಾದಿರುತ್ತಾನೆ.

ಹಿಂದೆ ಹೀಗಿರಲಿಲ್ಲ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು ಕೊಳ್ಳೇಗಾಲದ ಬಸ್ಸು ಹತ್ತಿದರೆ ಕಚೇರಿ ಹಿಂದೆಯೇ ಉಳಿಯುತ್ತಿತ್ತು. 2020ರ ಮಾರ್ಚಿಯಲ್ಲಿ ದೇಶಕ್ಕೆ ಬೀಗ ಬಿದ್ದಾಗ ಕಂಪನಿಗಳೇ ಲ್ಯಾಪ್‌ಟಾಪ್ ಕೊಟ್ಟು ಮನೆಗೆ ಕಳಿಸಿದವು. ಆ ವರ್ಷದ ಜೂನ್ ತಿಂಗಳವರೆಗೆ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ಒಂದೂ ಕೊರೋನಾ ಪ್ರಕರಣ ಇರಲಿಲ್ಲವೆಂಬುದು ನಿಮಗೆ ನೆನಪಿರಬಹುದು. ಮಕ್ಕಳು ಕಣ್ಣೆದುರಿಗಿದ್ದಾರೆ, ಕ್ಷೇಮವಾಗಿದ್ದಾರೆ ಎಂದು ಹೆತ್ತವರು ದೇವರನ್ನು ಸ್ತುತಿಸಿದರು. ರೋಗ ಹೋಯಿತು. ಮನೆಯೊಳಗೆ ಬಂದು ಕುಳಿತ ಕಚೇರಿ ಮಾತ್ರ ಪೂರ್ತಿಯಾಗಿ ಎದ್ದು ಹೋಗಲಿಲ್ಲ.

ಮನೆಯಲ್ಲೇ ದುಡಿಮೆ ನಮಗೆ ಹೊಸದೇ?

ಅಲ್ಲ. ಕೊಳ್ಳೇಗಾಲದಲ್ಲಿ ಮಗ್ಗ ಇದ್ದದ್ದು ಮನೆಯೊಳಗೇ. ಗಂಡ ಲಾಳಿ ಎಸೆದರೆ ಹೆಂಡತಿ ನೂಲು ಸುತ್ತುತ್ತಿದ್ದಳು, ಮಕ್ಕಳು ಕೈಜೋಡಿಸುತ್ತಿದ್ದರು. (ಕಂಪ್ಯೂಟರಿಗೂ ಮಗ್ಗಕ್ಕೂ ನಂಟಿದೆ. ರೇಷ್ಮೆ ನೇಯ್ಗೆಗೆ ಹೆಸರಾದ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತ 1804ರಲ್ಲಿ ತೂತು ಹೊಡೆದ ರಟ್ಟಿನ ಕಾರ್ಡುಗಳಿಂದ ಸೀರೆಯ ಅಂಚಿನಂಥ ಚಿತ್ತಾರ ಮೂಡಿಸುವ ಮಗ್ಗವನ್ನು ಮಾಡಿದ. ಯಂತ್ರಕ್ಕೆ ಕಾರ್ಡಿನ ಮೂಲಕ ಆಜ್ಞೆ ಕೊಡುವ ಆ ಉಪಾಯವನ್ನೇ ಮುಂದೆ ಲೆಕ್ಕದ ಯಂತ್ರ ಮಾಡಿದವರು ಎರವಲು ಪಡೆದರು. ಕಂಪ್ಯೂಟರ್ ಕೆಲಸದವನಾದ ನನಗೆ ಈ ಸಂಗತಿ ಬಹಳ ಇಷ್ಟ.)

ಇನ್ನು ಹಿಪ್ಪುನೇರಳೆ. 1956ರವರೆಗೆ ಕೊಳ್ಳೇಗಾಲ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ರಾಜ್ಯದ ರೇಷ್ಮೆ ಬೆಳೆಗೆ ಮುಖ್ಯ ನೆಲೆ ನಮ್ಮ ತಾಲ್ಲೂಕೇ. ಹುಳು ಸಾಕಿದ ಮನೆಯವರಿಗೆ ಹೇಳಬೇಕಾಗಿಲ್ಲ: ಕೊನೆಯ ಹಂತದ ಹುಳುವಿಗೆ ಹಗಲೆಂದಿಲ್ಲ, ಇರುಳೆಂದಿಲ್ಲ. ನಡುರಾತ್ರಿ ಎದ್ದು ಸೊಪ್ಪು ಹಾಕಬೇಕು. ಆ ಒಂದು ವಾರ ಮನೆಯಲ್ಲಿ ನೆಂಟರಿಗೂ ಜಾಗವಿರುವುದಿಲ್ಲ. ಆದರೆ ಹುಳು ಹಣ್ಣಾದ ದಿನ ಅದನ್ನು ಚಂದ್ರಿಕೆಗೆ ಬಿಟ್ಟರೆ ಮುಗಿಯಿತು, ಮನೆಮಂದಿಯೆಲ್ಲ ಕಾಲು ಚಾಚಿ ಮಲಗಬಹುದು. ಇನ್ನೊಂದು ವಿಷಯ. ಹುಳು ನಾಲ್ಕು ಸಲ 'ಜ್ವರಕ್ಕೆ' ಬೀಳುತ್ತದೆ. ತಲೆಯೆತ್ತಿ ಅಲುಗಾಡದೆ ಸುಮಾರು ಒಂದು ದಿನ ಇದ್ದುಬಿಡುತ್ತದೆ. ಆಗ ಬುದ್ಧಿವಂತ ರೈತ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಕದಲಿಸುವುದಿಲ್ಲ. ಆ ನಿಶ್ಚಲತೆಯಲ್ಲೇ ಅದು ಹಳೆಯ ಪೊರೆ ಕಳಚಿ ದೊಡ್ಡದಾಗುತ್ತದೆಂದು ಅವನಿಗೆ ಗೊತ್ತು. ಹುಳುವಿಗೆ ಕೊಡುವ ಈ ಬಿಡುವನ್ನು ನಾವು ಹೆತ್ತ ಮಕ್ಕಳಿಗೆ ಕೊಡುತ್ತಿದ್ದೇವೆಯೇ? ಸಾಫ್ಟ್‌ವೇರ್ ಕೆಲಸಕ್ಕೆ ಜ್ವರವೂ ಇಲ್ಲ, ಚಂದ್ರಿಕೆಯೂ ಇಲ್ಲ. ಒಂದು ಗಡುವು ಮುಗಿಯುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ.

ಇಟ್ಟಿಗೆ ಲೆಕ್ಕ

ಈಗ ಪವಿತ್ರ ಬೈಬಲನ್ನು ತೆರೆಯೋಣ. ವಿಮೋಚನಾಕಾಂಡದ 5ನೇ ಅಧ್ಯಾಯ. ಮರುಭೂಮಿಗೆ ಮೂರು ದಿನದ ಪ್ರಯಾಣ ಹೋಗಿ ದೇವರಿಗೆ ಬಲಿ ಅರ್ಪಿಸಿ ಬರುತ್ತೇವೆಂದು ಮೋಶೆ ಮತ್ತು ಆರೋನ ಫರೋಹನನ್ನು ಕೇಳುತ್ತಾರೆ. ಫರೋಹನ ಉತ್ತರ ಏನು? ಇವರು ಸೋಮಾರಿಗಳು, ಅದಕ್ಕೇ ದೇವರ ಹೆಸರು ಹೇಳುತ್ತಿದ್ದಾರೆ, ಇನ್ನು ಮೇಲೆ ಇಟ್ಟಿಗೆಗೆ ಬೇಕಾದ ಹುಲ್ಲನ್ನು ಇವರೇ ಹುಡುಕಿಕೊಳ್ಳಲಿ, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು ಎನ್ನುತ್ತಾನೆ. ನಾಲ್ಕು ಜನರ ಕೆಲಸವನ್ನು ಇಬ್ಬರಿಂದ ಮಾಡಿಸಿ 'ಟಾರ್ಗೆಟ್' ಹಾಗೆಯೇ ಇರಿಸುವ ಕಚೇರಿಗಳಲ್ಲಿ ದುಡಿದವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕಿಲ್ಲ.

ಆ ಇಟ್ಟಿಗೆ ಗೂಡಿನಿಂದ ಹೊರಬಂದ ಜನಕ್ಕೇ ದೇವರು ಸಬ್ಬತ್ ದಿನದ ಆಜ್ಞೆ ಕೊಟ್ಟರು. ಧರ್ಮೋಪದೇಶಕಾಂಡ 5ನೇ ಅಧ್ಯಾಯದಲ್ಲಿ ಅದಕ್ಕೆ ಕಾರಣವನ್ನೂ ತಿಳಿಸಲಾಗಿದೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದುದನ್ನು ಮರೆಯಬಾರದು. ಚಿಕ್ಕಂದಿನಲ್ಲಿ ಜ್ಞಾನೋಪದೇಶದ ತರಗತಿಯಲ್ಲಿ ನಾವು ಈ ಆಜ್ಞೆಯನ್ನು ಒಂದು ಕಟ್ಟುಪಾಡಾಗಿ, ತಪ್ಪಿದರೆ ಪಾಪವಾಗಿ ಕಲಿತೆವು. ಅದು ನಿಜ. ಆದರೆ ಮೊದಲಿಗೆ ಅದು ಬಿಡುಗಡೆಯ ಪತ್ರ. ಗುಲಾಮನಿಗೆ ರಜೆ ಎಂಬುದಿಲ್ಲ. ಒಂದು ದಿನ ಕೈಕಟ್ಟಿ ಕುಳಿತುಕೊಳ್ಳುವ ಹಕ್ಕು ಇದ್ದವನೇ ಸ್ವತಂತ್ರ.

ನಮ್ಮ ಕಾಲದ ಮಾತುಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. 2023ರ ಅಕ್ಟೋಬರಿನಲ್ಲಿ ಶ್ರೀ ಎನ್.ಆರ್. ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ ಐ.ಟಿ. ಕೆಲಸಗಾರರ ದುಡಿಮೆಯನ್ನು ದಿನಕ್ಕೆ 14 ಗಂಟೆಗಳವರೆಗೂ ಏರಿಸಲು ದಾರಿಮಾಡುವ ಪ್ರಸ್ತಾಪ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂತು, ನೌಕರರ ಸಂಘ ಅದನ್ನು ವಿರೋಧಿಸಿತು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಅಧ್ಯಕ್ಷರು 90 ಗಂಟೆಯ ಮಾತೆತ್ತಿ, ಭಾನುವಾರವೂ ನಿಮ್ಮನ್ನು ದುಡಿಸಲಾಗುತ್ತಿಲ್ಲವೆಂದು ನೌಕರರೆದುರು ವಿಷಾದಪಟ್ಟದ್ದು ದೇಶಕ್ಕೆಲ್ಲ ತಿಳಿಯಿತು. ಇವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ತಾವು ಹಾಗೆ ದುಡಿದೇ ಮೇಲೆ ಬಂದವರು. ಆದರೆ ತನ್ನ ಸ್ವಂತ ಕಂಪನಿಗಾಗಿ ನಿದ್ದೆಗೆಡುವುದು ಬೇರೆ, ಸಂಬಳದ ಹುಡುಗನ ನಿದ್ದೆ ಕೆಡಿಸುವುದು ಬೇರೆ. 2024ರ ಜುಲೈನಲ್ಲಿ ಪುಣೆಯಲ್ಲಿ ಕೇರಳದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಲ್ಲಿ ತೀರಿಕೊಂಡಳು. ಮಗಳನ್ನು ಕೆಲಸದ ಹೊರೆ ಹೇಗೆ ಹಿಂಡಿತೆಂದು ಆಕೆಯ ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರವನ್ನು ಓದಿದ ತಂದೆತಾಯಿಗಳಿಗೆ ಆ ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ.

ಧರ್ಮಸಭೆ ಈ ವಿಷಯದಲ್ಲಿ ಇಂದು ನಿನ್ನೆ ಬಾಯಿ ತೆರೆದದ್ದಲ್ಲ. 1891ರಲ್ಲಿ ಜಗದ್ಗುರು 13ನೇ ಲಿಯೋರವರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯ ಜೊತೆಗೇ ಭಾನುವಾರದ ವಿಶ್ರಾಂತಿಯನ್ನೂ ಎತ್ತಿ ಹೇಳಿದರು. ಕೆಲಸ ಮನುಷ್ಯನಿಗಾಗಿಯೇ ಹೊರತು ಮನುಷ್ಯ ಕೆಲಸಕ್ಕಾಗಿ ಅಲ್ಲವೆಂಬುದು 1981ರಲ್ಲಿ ಎರಡನೇ ಜಾನ್ ಪಾಲರು ಬರೆದ ವಿಶ್ವಪತ್ರದ ತಿರುಳು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋರವರು ಆ ಹೆಸರನ್ನೇ ಏಕೆ ಆರಿಸಿಕೊಂಡರು? ಹಿಂದಿನ ಲಿಯೋ ಕಾರ್ಖಾನೆಗಳ ಕಾಲವನ್ನು ಎದುರಿಸಿದಂತೆ, ಇಂದಿನ ಧರ್ಮಸಭೆ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಮನುಷ್ಯನ ಘನತೆಯನ್ನೂ ದುಡಿಮೆಯ ನ್ಯಾಯವನ್ನೂ ಕಾಯಬೇಕಾಗಿದೆ ಎಂದು ಅವರೇ ಕಾರ್ಡಿನಲರಿಗೆ ವಿವರಿಸಿದರು.

ಬಾವಿಗೆ ಬಿದ್ದ ಎತ್ತು

"ಇದೆಲ್ಲ ಸರಿ ಸ್ವಾಮಿ, ಆದರೆ ಭಾನುವಾರ ಕರೆ ಬಂದರೆ ಎತ್ತದೇ ಇರಲಾದೀತೇ?" ಎಂದು ನೀವು ಕೇಳುವುದು ನ್ಯಾಯ. ಯೇಸುಸ್ವಾಮಿ ಸಬ್ಬತ್ ದಿನದಂದು ರೋಗಿಗಳನ್ನು ಗುಣಪಡಿಸಿದರು. ನಿಮ್ಮ ಎತ್ತು ಬಾವಿಗೆ ಬಿದ್ದರೆ ಆ ದಿನ ಮೇಲೆತ್ತುವುದಿಲ್ಲವೇ ಎಂದು ಫರಿಸಾಯರನ್ನು ಕೇಳಿದರು (ಲೂಕ 14). ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಯಲ್ಲಿ ಭಾನುವಾರ ರೋಗಿ ಬಂದರೆ ನಾಳೆ ಬಾ ಎನ್ನಲಾಗುವುದೇ? ಬಸ್ಸು ಓಡಿಸುವವರು, ವಿದ್ಯುತ್ ಕಾಯುವವರು ಆ ದಿನವೂ ಇರಲೇಬೇಕು. ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟರೆ, ಜನರ ಬ್ಯಾಂಕು ನಿಂತುಹೋದರೆ ಅದೂ ಬಾವಿಗೆ ಬಿದ್ದ ಎತ್ತೇ. ಕೆಲಸ ಮಾಡಿ, ಅಂಜಬೇಡಿ.

ಆದರೆ ಸೋಮವಾರ ತೋರಿಸಬೇಕಾದ ವರದಿಗೆ ಬಣ್ಣ ಹಚ್ಚುವುದು ಎತ್ತಲ್ಲ. ಮೇಲಧಿಕಾರಿಗೆ ತಾನು ಎಚ್ಚರವಾಗಿದ್ದೇನೆಂದು ತೋರಿಸಲು ರಾತ್ರಿ ಹನ್ನೊಂದಕ್ಕೆ ಕಳಿಸುವ ಉತ್ತರವೂ ಎತ್ತಲ್ಲ. ವಾರಕ್ಕೊಂದು ಎತ್ತು ಬಾವಿಗೆ ಬೀಳುತ್ತಿದ್ದರೆ ಬಾವಿಗೆ ಕಟ್ಟೆ ಕಟ್ಟಿಸಬೇಕಾದದ್ದು ಯಜಮಾನನ ಕೆಲಸ. ಇದನ್ನು ಒಬ್ಬ ಹುಡುಗ ಒಂಟಿಯಾಗಿ ಹೇಳಿದರೆ ಕೆಲಸ ಹೋಗಬಹುದು. ತಂಡದ ಐದಾರು ಜನ ಸೇರಿ ಸರದಿಯ ಪಟ್ಟಿ ಕೇಳಿದರೆ ಕೇಳುವ ಕಿವಿಗಳಿರುತ್ತವೆ. ನಮ್ಮ ತಂಡದಲ್ಲಿ ಹಿಂದೂ, ಮುಸ್ಲಿಂ ಗೆಳೆಯರೂ ಇದ್ದಾರಲ್ಲ. ಅವರ ಹಬ್ಬದ ದಿನ ನಾವು ನಿಂತರೆ ನಮ್ಮ ಭಾನುವಾರ ಅವರು ನಿಂತಾರು.

ಮನ್ನ ಕೂಡಿಟ್ಟವರು

ಈಗ ತಂದೆತಾಯಿಗಳಿಗೆ ಒಂದು ಮಾತು. ತುಸು ಖಾರವೆನಿಸಿದರೆ ಕ್ಷಮಿಸಿ. ಮಕ್ಕಳ ಭಾನುವಾರವನ್ನು ಕಂಪನಿಗಳು ಮಾತ್ರ ತಿನ್ನುತ್ತಿಲ್ಲ. ಮೇಲೊಂದು ಮಹಡಿ, ತಂಗಿಯ ಮದುವೆಗೆ ಊರೇ ಬೆರಗಾಗುವ ಛತ್ರ, ಎದುರು ಮನೆಯವರಿಗಿಂತ ದೊಡ್ಡ ಕಾರು, ಇವೆಲ್ಲಕ್ಕೂ ಸಾಲದ ಕಂತನ್ನು ಅವನ ತಲೆಗೆ ಕಟ್ಟಿದ ಮೇಲೆ ಅವನು ಯಾವ ಧೈರ್ಯದಿಂದ ಮೇಲಧಿಕಾರಿಗೆ ಇಲ್ಲವೆಂದಾನು? 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪನಿಯೇ 12,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ಬಿಡಿಸುವುದಾಗಿ ಪ್ರಕಟಿಸಿತು. ಆ ಭಯ ಇಪ್ಪತ್ತು ವರ್ಷದ ಕಂತಿನೊಂದಿಗೆ ಸೇರಿದರೆ ಮನುಷ್ಯ ಇಟ್ಟಿಗೆ ಗೂಡಿಗೆ ತಾನಾಗಿಯೇ ಮರಳುತ್ತಾನೆ.

ವಿಮೋಚನಾಕಾಂಡದ 16ನೇ ಅಧ್ಯಾಯ ಈ ಭಯವನ್ನೇ ಕುರಿತದ್ದು. ದೇವರು ದಿನದಿನಕ್ಕೆ ಬೇಕಾದಷ್ಟು ಮನ್ನವನ್ನು ಕೊಟ್ಟರು. ನಾಳೆಗೆಂದು ಬಚ್ಚಿಟ್ಟವರ ಮನ್ನದಲ್ಲಿ ಹುಳು ಬಿತ್ತು. ಆರನೆಯ ದಿನ ಮಾತ್ರ ಎರಡರಷ್ಟು ಕೂಡಿಸಲು ಅಪ್ಪಣೆಯಾಯಿತು, ಅದು ಕೆಡಲಿಲ್ಲ. ಆದರೂ ಕೆಲವರು ಏಳನೆಯ ದಿನ ಬುಟ್ಟಿ ಹಿಡಿದು ಹೊರಟರು, ಅವರಿಗೇನೂ ಸಿಗಲಿಲ್ಲ. ಉಳಿತಾಯ ಮಾಡಬೇಡಿ ಎಂದು ಇದರ ಅರ್ಥವಲ್ಲ. ವಿಶ್ರಾಂತಿಗಾಗಿ ಕೂಡಿಡಬೇಕು, ವಿಶ್ರಾಂತಿಯನ್ನೇ ಮಾರಿ ಕೂಡಿಡಬಾರದು. ಆರು ತಿಂಗಳ ಖರ್ಚಿನಷ್ಟು ಹಣ ಕೈಯಲ್ಲಿ, ತಲೆಯ ಮೇಲೆ ಕಡಿಮೆ ಸಾಲ, ಇಷ್ಟಿದ್ದರೆ ಮಗನ ಬೆನ್ನು ನೆಟ್ಟಗಿರುತ್ತದೆ. ಅಕಸ್ಮಾತ್ ಕೆಲಸ ಹೋದರೂ "ಊರಿಗೆ ಬಾ ಮಗನೇ, ಇದು ನಿನ್ನ ಮನೆ" ಎಂದು ಹೇಳುವ ಅಪ್ಪ ಇರಬೇಕು. ನೆರೆಯವರಿಗೆ ಏನು ಹೇಳುವುದೆಂದು ತಲೆ ತಗ್ಗಿಸುವ ಅಪ್ಪನಿಂದ ಅವನಿಗೆ ಏನೂ ಆಗಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ನಾವು ಸುಲಭವಾಗಿ ಮರೆಯುತ್ತೇವೆ. ಸಬ್ಬತ್ತಿನ ಆಜ್ಞೆ ಯಜಮಾನನಿಗೆ ಮಾತ್ರವಲ್ಲ, ಅವನ ಆಳಿಗೆ, ದಾಸಿಗೆ, ಎತ್ತು ಕತ್ತೆಗಳಿಗೂ ವಿಶ್ರಾಂತಿ ಕೊಡಿಸುತ್ತದೆ. ಮಗ ಲ್ಯಾಪ್‌ಟಾಪ್ ಮುಚ್ಚಿ ಭಾನುವಾರ ಆಚರಿಸಿದ, ಅಂದು ಅಮ್ಮ ಮಾತ್ರ ಮುಂಜಾನೆ ಐದರಿಂದ ಒಲೆಯ ಮುಂದೆ ಎಂದರೆ ಆಜ್ಞೆಯ ಅರ್ಧ ಪಾಲೇ ಆಯಿತು. ಅಂದು ಮಾಂಸದ ಅಡುಗೆ ಆಗಲೇಬೇಕೆಂದಿದ್ದರೆ ಈರುಳ್ಳಿ ಹೆಚ್ಚುವ ಕೈ ಗಂಡಸಿನದಾಗಲಿ. ಬೆಂಗಳೂರಿನಲ್ಲಿ ಕುಳಿತು ಬೆರಳಾಡಿಸಿ ಊಟ ತರಿಸುತ್ತೀರಾ? ಮಳೆಯಲ್ಲಿ ಅದನ್ನು ಹೊತ್ತು ತರುವ ಹುಡುಗ ಹನೂರಿನವನೇ ಆಗಿರಬಹುದು. ಅಂಥವರ ಸಾಮಾಜಿಕ ಭದ್ರತೆಗೆಂದು 2025ರಲ್ಲಿ ಕರ್ನಾಟಕ ಕಾನೂನು ಮಾಡಿದೆ, ಒಳ್ಳೆಯದು. ಆದರೆ ಅವನಿಗೂ ಒಂದು ಪೂಜೆ, ಒಂದು ತಾಯಿಯ ಮನೆ ಇದೆಯೆಂಬುದನ್ನು ಕಾನೂನು ನಮಗೆ ನೆನಪಿಸುವುದಿಲ್ಲ.

ಮಾಡಬಹುದಾದದ್ದು ಬಹಳವಿಲ್ಲ. ಭಾನುವಾರ ಬೆಳಿಗ್ಗೆ ಸರದಿ ಇರುವವರಿಗೆ ಶನಿವಾರ ಸಂಜೆಯ ಪೂಜೆಯೂ ಭಾನುವಾರದ ಪೂಜೆಯೆಂದೇ ಧರ್ಮಸಭೆಯ ಕಾನೂನು ಒಪ್ಪುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಅದಿಲ್ಲದಿದ್ದರೆ ಗುರುಗಳನ್ನು ಕೇಳಿ ನೋಡಿ. ಮನೆಯಲ್ಲಿ ಒಂದು ಹೊತ್ತಿನ ಊಟವನ್ನಾದರೂ ಫೋನುಗಳನ್ನು ಬೇರೆ ಕೋಣೆಯಲ್ಲಿಟ್ಟು ಮಾಡಿ, ಹಿರಿಯರ ಫೋನೂ ಸೇರಿ, ಏಕೆಂದರೆ ಇತ್ತೀಚೆಗೆ ಅಜ್ಜಂದಿರೇ ಮೊಮ್ಮಕ್ಕಳಿಗಿಂತ ಹೆಚ್ಚು ಹೊತ್ತು ಅದನ್ನು ಉಜ್ಜುತ್ತಾರೆ. ಮತ್ತು ಈ ವಾರ ಒಂದು ಸಂಜೆ, ಜಪಸರ ಮುಗಿದ ಮೇಲೆ, ವಿಮೋಚನಾಕಾಂಡ 5 ಮತ್ತು 16ನೇ ಅಧ್ಯಾಯಗಳನ್ನು ಮನೆಯವರೆಲ್ಲ ಕೂಡಿ ಓದಿ. ಮಗ ಬೆಂಗಳೂರಿನಲ್ಲಿದ್ದರೆ ವಿಡಿಯೋ ಕರೆಯಲ್ಲೇ ಸೇರಲಿ, ಯಂತ್ರ ಅದಕ್ಕೂ ಇದೆ. ಓದಿದ ಮೇಲೆ ನಮ್ಮ ಮನೆಯಲ್ಲಿ ಯಾರಿಗೆ ಭಾನುವಾರವಿಲ್ಲ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಅಮ್ಮ ಮೊದಲು ಮಾತಾಡಲಿ.