ಎರಡು ಗೆರೆ ಕಂಡ ದಿನ ಥೈರಾಯ್ಡ್ ಮಾತ್ರೆ ನಿಲ್ಲಿಸಬೇಡಿ

ಆರೋಗ್ಯ ಪಾಠ: ಗರ್ಭಧಾರಣೆಯ ಮೊದಲ ಮೂರು ತಿಂಗಳು ಮತ್ತು ಥೈರಾಯ್ಡ್ ಕೊರತೆ

ಪ್ರತಿ ವರ್ಷದ ವರದಿಯಲ್ಲಿ ಲೆಕ್ಕಪತ್ರ ಮತ್ತು ವಿದ್ಯಾರ್ಥಿವೇತನದ ವಿವರಗಳ ಜೊತೆಗೆ ಕೆಲವು ಪುಟಗಳನ್ನು ಆರೋಗ್ಯದ ಒಂದು ಪಾಠಕ್ಕೆ ಮೀಸಲಿಡುತ್ತಾ ಬಂದಿದ್ದೇವೆ. ಈ ಬಾರಿಯ ವಿಷಯವನ್ನು ಆರಿಸಿಕೊಳ್ಳಲು ನಮ್ಮ ಕಚೇರಿಯಲ್ಲಿ ನಡೆದ ಒಂದು ಮಾತುಕತೆ ಕಾರಣವಾಯಿತು.

ತಮ್ಮನ ವಿದ್ಯಾರ್ಥಿವೇತನದ ಅರ್ಜಿ ಕೊಡಲು ಬಂದಿದ್ದ ಸಹೋದರಿಯೊಬ್ಬರು ತುಂಬ ಸುಸ್ತಾದವರಂತೆ ಕಂಡರು. ವಿಚಾರಿಸಿದಾಗ ತಾವು ಗರ್ಭಿಣಿಯೆಂದೂ ಹತ್ತು ವಾರ ಕಳೆದಿದೆಯೆಂದೂ ಹೇಳಿದರು. ಮದುವೆಗೆ ಮುಂಚಿನಿಂದಲೂ ಅವರು ದಿನಕ್ಕೊಂದು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. "ಈಗ ನಿಲ್ಲಿಸಿದ್ದೇನೆ. ಹೊಟ್ಟೆಯಲ್ಲಿ ಮಗು ಇರುವಾಗ ಬೇರೆ ಮಾತ್ರೆ ಬೇಡ ಅಂತ ಮನೆಯಲ್ಲಿ ಹೇಳಿದರು. ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರ್ ಹತ್ತಿರ ಹೋಗೋಣ ಅಂದಿದ್ದಾರೆ" ಎಂದರು.

ಮನೆಯವರ ಮಾತಿನಲ್ಲಿ ಕಾಳಜಿಯೇ ಇತ್ತು. ಗರ್ಭಿಣಿ ಸಿಕ್ಕಸಿಕ್ಕ ಮಾತ್ರೆ ನುಂಗಬಾರದು ಎಂಬುದು ಸರಿಯಾದ ಮಾತು. ಮೂರು ತಿಂಗಳು ತುಂಬುವವರೆಗೆ ವಿಷಯವನ್ನು ಹೊರಗೆ ಹೇಳದಿರುವುದೂ ನಮ್ಮಲ್ಲಿ ಹಲವು ಮನೆಗಳ ರೂಢಿ. ಆದರೆ ಥೈರಾಯ್ಡ್ ಕೊರತೆ ಇರುವ ತಾಯಿಗೆ ಮಾತ್ರೆ ಅತ್ಯಂತ ಅಗತ್ಯವಾಗಿರುವುದು ಅದೇ ಮೂರು ತಿಂಗಳಲ್ಲಿ. ಈ ಪಾಠದ ಸಾರ ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಮೊದಲ ಹನ್ನೆರಡು ವಾರ ಏಕೆ ಮುಖ್ಯ?

ಕತ್ತಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಪುಟ್ಟ ಗ್ರಂಥಿಯೇ ಥೈರಾಯ್ಡ್. ಅದು ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹದ ಪ್ರತಿಯೊಂದು ಅಂಗ ಯಾವ ವೇಗದಲ್ಲಿ ಕೆಲಸ ಮಾಡಬೇಕೆಂದು ನಿರ್ಧರಿಸುತ್ತದೆ. ಗ್ರಂಥಿ ಸೋತಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ "ಇನ್ನಷ್ಟು ತಯಾರಿಸು" ಎಂದು ಒತ್ತಾಯಿಸುತ್ತದೆ. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ ಹೆಚ್ಚಾಗಿದ್ದರೆ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದೆ ಎಂದು ಅರ್ಥ. "ಟಿಎಸ್‌ಎಚ್ ಜಾಸ್ತಿ ಬಂದಿದೆ, ಹಾಗಾಗಿ ಮಾತ್ರೆ ಕಡಿಮೆ ಮಾಡಿದೆ" ಎಂದು ಹೇಳುವವರಿದ್ದಾರೆ. ಅದು ತಲೆಕೆಳಗಾದ ಲೆಕ್ಕ.

ಗರ್ಭದಲ್ಲಿರುವ ಮಗುವಿನ ಮೆದುಳು ಬೆಳೆಯಲು ಥೈರಾಕ್ಸಿನ್ ಬೇಕೇಬೇಕು. ಆದರೆ ಮಗುವಿನ ಸ್ವಂತ ಥೈರಾಯ್ಡ್ ಹಾರ್ಮೋನು ತಯಾರಿಸಲು ತೊಡಗುವುದೇ ಸುಮಾರು 12ನೆಯ ವಾರದ ಹೊತ್ತಿಗೆ. ಸಾಕಷ್ಟು ತಯಾರಿಸುವ ಶಕ್ತಿ ಬರುವುದು 18ರಿಂದ 20 ವಾರಗಳ ಹೊತ್ತಿಗೆ. ಅಲ್ಲಿಯವರೆಗೆ ತಾಯಿಯ ರಕ್ತದಿಂದ ಬಂದದ್ದೇ ಮಗುವಿನ ಪಾಲು. ತಾಯಿಯಲ್ಲೇ ಕೊರತೆಯಿದ್ದರೆ ಮಗುವಿಗೂ ಕೊರತೆಯೇ.

ಚಿಕಿತ್ಸೆ ಪಡೆಯದ ಥೈರಾಯ್ಡ್ ಕೊರತೆಯಿಂದ ಗರ್ಭಪಾತ, ತಾಯಿಗೆ ರಕ್ತದೊತ್ತಡ, ಅವಧಿಗೆ ಮುಂಚೆ ಹೆರಿಗೆ, ಮಗುವಿನ ತೂಕ ಕಡಿಮೆಯಾಗುವುದು ಇವುಗಳ ಅಪಾಯ ಹೆಚ್ಚುತ್ತದೆ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 9 ವರ್ಷದ ಮಕ್ಕಳ ಬುದ್ಧಿಶಕ್ತಿಯನ್ನು ಅಳೆದು ನೋಡಿದರು. ಗರ್ಭಿಣಿಯಾಗಿದ್ದಾಗ ಕೊರತೆಯಿದ್ದೂ ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳ ಸರಾಸರಿ ಐಕ್ಯೂ ಉಳಿದ ಮಕ್ಕಳಿಗಿಂತ ಸುಮಾರು 7 ಅಂಕ ಕಡಿಮೆಯಿತ್ತು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ದಿನಕ್ಕೊಂದು ಚಿಕ್ಕ ಮಾತ್ರೆಯಿಂದ ತಪ್ಪಿಸಬಹುದಾದ ಅಪಾಯ ಇದು ಎಂದು ತಿಳಿಸಲು ಬರೆಯುತ್ತಿದ್ದೇವೆ.

ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ

ಗರ್ಭಧಾರಣೆಯಾದ ಕೆಲವೇ ವಾರಗಳಲ್ಲಿ ದೇಹಕ್ಕೆ ಬೇಕಾಗುವ ಥೈರಾಕ್ಸಿನ್ ಪ್ರಮಾಣ ಹೆಚ್ಚುತ್ತದೆ. ಆರೋಗ್ಯವಂತ ಗ್ರಂಥಿ ತಾನೇ ಹೆಚ್ಚು ತಯಾರಿಸಿಕೊಳ್ಳುತ್ತದೆ. ಸೋತ ಗ್ರಂಥಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಮೊದಲು ಸರಿಯಾಗಿದ್ದ ಡೋಸ್ ಈಗ ಸಾಲದೆ ಬರುತ್ತದೆ. ಬಹುತೇಕರಿಗೆ ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚು ಬೇಕಾಗಬಹುದು.

ಮದುವೆಯಾದ, ಮಗುವನ್ನು ಬಯಸುತ್ತಿರುವ ಸಹೋದರಿಯರು ಗರ್ಭಿಣಿಯಾಗುವ ಮೊದಲೇ ವೈದ್ಯರನ್ನು ಕಂಡು ಟಿಎಸ್‌ಎಚ್ ಅನ್ನು 2.5ಕ್ಕಿಂತ ಕೆಳಗೆ ತಂದುಕೊಳ್ಳುವುದು ಉತ್ತಮ. ಅದೇ ಭೇಟಿಯಲ್ಲಿ ಈ ಒಂದು ಪ್ರಶ್ನೆಯನ್ನೂ ಕೇಳಿ: "ಮುಟ್ಟು ನಿಂತು ಪರೀಕ್ಷೆಯಲ್ಲಿ ಎರಡು ಗೆರೆ ಬಂದರೆ ಅದೇ ದಿನ ನಾನು ಎಷ್ಟು ಮಾತ್ರೆ ತೆಗೆದುಕೊಳ್ಳಬೇಕು?" ಅನೇಕ ವೈದ್ಯರು ವಾರಕ್ಕೆ 7 ಮಾತ್ರೆಯ ಬದಲು 9 ತೆಗೆದುಕೊಳ್ಳಲು, ಅಂದರೆ ವಾರದಲ್ಲಿ ಎರಡು ದಿನ ಎರಡೆರಡು ಮಾತ್ರೆ ತೆಗೆದುಕೊಳ್ಳಲು ಹೇಳುತ್ತಾರೆ. ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಇಟ್ಟುಕೊಳ್ಳಿ.

ಮೊದಲೇ ಕೇಳಿರದಿದ್ದರೆ ಎರಡು ಗೆರೆ ಕಂಡ ದಿನ ಹೀಗೆ ಮಾಡಿ: ಮಾತ್ರೆ ನಿಲ್ಲಿಸಬೇಡಿ. ಇದ್ದ ಡೋಸ್ ಮುಂದುವರಿಸಿ. ಅದೇ ವಾರದಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಿ. ಆಮೇಲೆ ಐದನೆಯ ತಿಂಗಳವರೆಗೆ ಸುಮಾರು 4 ವಾರಗಳಿಗೊಮ್ಮೆ, ಮತ್ತೆ 30ನೆಯ ವಾರದ ಹತ್ತಿರ ಒಮ್ಮೆ ಪರೀಕ್ಷೆ ಬೇಕು. ಒಮ್ಮೆ ಸರಿ ಬಂತೆಂದು ಬಿಟ್ಟುಬಿಡುವ ಹಾಗಿಲ್ಲ. ಏಕೆಂದರೆ ಗರ್ಭ ಬೆಳೆದಂತೆ ಬೇಡಿಕೆಯೂ ಬದಲಾಗುತ್ತದೆ.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವುದು ಹಲವರಿಗೆ ಗೊತ್ತು. ಅದು ಮುಖ್ಯವಾಗಿ ನಾಲ್ಕನೆಯ ತಿಂಗಳ ನಂತರದವರಿಗಾಗಿ ಇರುವ ಯೋಜನೆ. ಥೈರಾಯ್ಡ್ ಇರುವವರು ಅಲ್ಲಿಯವರೆಗೆ ಕಾಯಬಾರದು. ಊರಿನ ಆಶಾ ಕಾರ್ಯಕರ್ತೆಗೆ ಕೂಡಲೇ ವಿಷಯ ತಿಳಿಸಿ. ತಾಯಿ ಕಾರ್ಡ್ ಮಾಡಿಸಿ ಅದರಲ್ಲಿ ಥೈರಾಯ್ಡ್ ಇರುವುದನ್ನೂ ಮಾತ್ರೆಯ ಡೋಸನ್ನೂ ಬರೆಸಿ.

ರಿಪೋರ್ಟ್ ಓದುವಾಗ

ಲ್ಯಾಬಿನ ರಿಪೋರ್ಟಿನಲ್ಲಿ ಫಲಿತಾಂಶದ ಪಕ್ಕದಲ್ಲಿ ಮುದ್ರಿಸಿರುವ ಸಾಮಾನ್ಯ ಮಿತಿ ಹೆಚ್ಚಾಗಿ ಗರ್ಭಿಣಿಯರಲ್ಲದವರದ್ದು. ಮಾತ್ರೆಯಲ್ಲಿರುವ ಗರ್ಭಿಣಿಗೆ ಟಿಎಸ್‌ಎಚ್ 3.8 ಎಂದು ಬಂದರೆ ಕಾಗದದಲ್ಲಿ ಅದು ನಾರ್ಮಲ್ ಎಂದೇ ಕಾಣುತ್ತದೆ. ಆದರೆ ಆಕೆಯ ಗುರಿ 2.5ಕ್ಕಿಂತ ಕೆಳಗೆ. ಆದ್ದರಿಂದ ರಿಪೋರ್ಟನ್ನು ನೀವೇ ನೋಡಿ ಸಮಾಧಾನಪಟ್ಟುಕೊಳ್ಳದೆ, ಎಷ್ಟು ವಾರ ಎಂಬುದನ್ನು ಹೇಳಿ ವೈದ್ಯರಿಗೆ ತೋರಿಸಿ.

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕೆಂದಿಲ್ಲ. ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತೆಗೆದುಕೊಳ್ಳಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಅದು ಫಲಿತಾಂಶವನ್ನು ತಪ್ಪಾಗಿ ತೋರಿಸಬಹುದು.

ಮಾತ್ರೆ ನುಂಗುವ ಕ್ರಮ

ಡೋಸ್ ಸರಿಯಿದ್ದರೂ ಟಿಎಸ್‌ಎಚ್ ಇಳಿಯದಿದ್ದರೆ ಅದಕ್ಕೆ ಹೆಚ್ಚಾಗಿ ಮಾತ್ರೆ ನುಂಗುವ ರೀತಿಯೇ ಕಾರಣ. ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಚಹಾ, ಕಾಫಿ, ಹಾಲು, ತಿಂಡಿ ಯಾವುದೂ ಬೇಡ.

ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ಅಂಗೈಯಲ್ಲಿ ಹಾಕಿಕೊಂಡು ನುಂಗುವ ಅಭ್ಯಾಸ ಬಿಡಬೇಕು. ನಡುವೆ 4 ಗಂಟೆಗಳ ಅಂತರವಿರಲಿ. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್, ಮಧ್ಯಾಹ್ನದ ಊಟದ ನಂತರ ಒಂದು, ರಾತ್ರಿ ಊಟದ ನಂತರ ಇನ್ನೊಂದು ಎಂದು ಹಂಚಿಕೊಂಡರೆ ಸುಲಭ.

ಮೊದಲ ತಿಂಗಳುಗಳಲ್ಲಿ ಬೆಳಗಿನ ವಾಂತಿ ಕೆಲವರಿಗೆ ದೊಡ್ಡ ತೊಂದರೆ. ಮಾತ್ರೆ ಒಳಗೆ ನಿಲ್ಲದಿದ್ದರೆ ಬಿಟ್ಟುಬಿಡಬೇಡಿ. ರಾತ್ರಿ ಊಟವಾಗಿ 3 ಗಂಟೆಯ ನಂತರ, ಮಲಗುವ ಮುನ್ನ ತೆಗೆದುಕೊಳ್ಳಬಹುದೇ ಎಂದು ವೈದ್ಯರಲ್ಲಿ ಕೇಳಿ. ಆಗ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹಗಲಿಗೆ ಬದಲಾಯಿಸಿಕೊಳ್ಳಬೇಕು. ಬೆಳಿಗ್ಗೆ ಮರೆತರೆ ಅದೇ ದಿನ ಹೊಟ್ಟೆ ಖಾಲಿಯಿರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮಾತ್ರೆಯ ಸೀಸೆಯನ್ನು ಅಡುಗೆ ಒಲೆಯ ಪಕ್ಕದಲ್ಲೂ ಬಿಸಿಲು ಬೀಳುವ ಕಿಟಕಿಯಲ್ಲೂ ಇಡಬೇಡಿ.

ರಮಝಾನ್ ತಿಂಗಳಲ್ಲಿ

ಈ ಪ್ರಶ್ನೆಯನ್ನು ನಮ್ಮಲ್ಲಿ ಹಲವರು ಕೇಳುತ್ತಾರೆ. ಗರ್ಭಿಣಿಗೆ ತನ್ನ ಅಥವಾ ಮಗುವಿನ ಆರೋಗ್ಯದ ಭಯವಿದ್ದರೆ ಉಪವಾಸವನ್ನು ಬಿಟ್ಟು ನಂತರ ಪೂರೈಸುವ ರಿಯಾಯಿತಿ ಇದೆ. ತಿಂಗಳು ಬರುವ ಮೊದಲೇ ವೈದ್ಯರ ಅಭಿಪ್ರಾಯ ಪಡೆದು, ಅನುಮಾನವಿದ್ದರೆ ತಿಳಿದ ಉಲಮಾಗಳಲ್ಲಿ ವಿಚಾರಿಸಿ. ವೈದ್ಯರ ಒಪ್ಪಿಗೆಯಿಂದ ಉಪವಾಸ ಹಿಡಿಯುವವರು ಸಹ್ರಿಗೆ ಸಾಧಾರಣಕ್ಕಿಂತ ಮುಂಚೆ ಎದ್ದು, ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ನೀರಿನ ಜೊತೆ ಮಾತ್ರೆ ನುಂಗಬಹುದು. ಅದು ಕಷ್ಟವಾದರೆ ರಾತ್ರಿಯ ಊಟವಾಗಿ 3 ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದು. ಇಫ್ತಾರಿನಲ್ಲಿ ಖರ್ಜೂರ, ಶರಬತ್ತಿನ ಜೊತೆ ನುಂಗಿದರೆ ಮಾತ್ರೆ ಸರಿಯಾಗಿ ಹೀರಲ್ಪಡುವುದಿಲ್ಲ. ಉಪವಾಸದ ಕಾರಣಕ್ಕೆ ಒಂದು ತಿಂಗಳು ಮಾತ್ರೆಯನ್ನೇ ಬಿಡುವುದಂತೂ ಖಂಡಿತ ಬೇಡ.

ಇದುವರೆಗೆ ಥೈರಾಯ್ಡ್ ಇಲ್ಲ ಎಂದುಕೊಂಡವರು

ಸುಸ್ತು, ಮಲಬದ್ಧತೆ, ತೂಕ ಏರುವುದು, ನಿದ್ರೆ ನಿದ್ರೆ ಅನಿಸುವುದು ಥೈರಾಯ್ಡ್ ಕೊರತೆಯ ಲಕ್ಷಣಗಳು. ಗರ್ಭಿಣಿಯಲ್ಲಿಯೂ ಇವೇ ಇರುತ್ತವೆ. ಆದ್ದರಿಂದ ಲಕ್ಷಣ ನೋಡಿ ಹೇಳಲಾಗದು, ರಕ್ತಪರೀಕ್ಷೆಯೇ ಬೇಕು. ಹಿಂದೆ ಗರ್ಭಪಾತವಾದವರು, ಮಕ್ಕಳಾಗಲು ತಡವಾದವರು, ತಾಯಿಗೋ ಅಕ್ಕತಂಗಿಯರಿಗೋ ಥೈರಾಯ್ಡ್ ಇರುವವರು, ಕತ್ತು ಊದಿಕೊಂಡವರು, ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರು, ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವ ಸಕ್ಕರೆ ಕಾಯಿಲೆಯವರು, 30 ದಾಟಿದವರು ಮೊದಲ ಭೇಟಿಯಲ್ಲೇ ಟಿಎಸ್‌ಎಚ್ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬೇಕು.

ಮೊದಲ ಬಾರಿಗೆ ಸ್ವಲ್ಪ ಹೆಚ್ಚು ಬಂದವರ ವಿಷಯದಲ್ಲಿ ವೈದ್ಯರ ಅಭಿಪ್ರಾಯ ಒಂದೇ ಆಗಿರುವುದಿಲ್ಲ. 2014ರ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಮೊದಲ ಮೂರು ತಿಂಗಳಿಗೆ 2.5 ಅನ್ನು ಮಿತಿಯೆಂದು ಇಟ್ಟುಕೊಂಡಿತ್ತು. 2017ರಲ್ಲಿ ಅಮೆರಿಕದ ಥೈರಾಯ್ಡ್ ತಜ್ಞರ ಸಂಘ ಸುಮಾರು 4 ಎಂದಿತು. ಹಾಗಾಗಿ ಒಬ್ಬರು ಮಾತ್ರೆ ಬರೆಯಬಹುದು, ಇನ್ನೊಬ್ಬರು ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ ನಿರ್ಧರಿಸಬಹುದು. ಇದರಿಂದ ಗೊಂದಲಪಡಬೇಡಿ. ನಿಮ್ಮನ್ನು ನೋಡುತ್ತಿರುವ ವೈದ್ಯರ ಸಲಹೆಯಂತೆ ನಡೆಯಿರಿ. ಟಿಎಸ್‌ಎಚ್ 10 ದಾಟಿದ್ದರೆ ಚಿಕಿತ್ಸೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಮನೆಯಲ್ಲಿ ಕೇಳುವ ಪ್ರಶ್ನೆಗಳು

ಮಾತ್ರೆಯಿಂದ ಮಗುವಿಗೆ ತೊಂದರೆಯಿಲ್ಲವೇ? ಇಲ್ಲ. ದೇಹವೇ ತಯಾರಿಸಬೇಕಾಗಿದ್ದ ಹಾರ್ಮೋನನ್ನೇ ಈ ಮಾತ್ರೆ ಕೊಡುತ್ತದೆ. ಹಾಲುಣಿಸುವಾಗಲೂ ಮುಂದುವರಿಸಬಹುದು.

ಎಲೆಕೋಸು, ಹೂಕೋಸು ಬಿಡಬೇಕೇ? ಬೇಯಿಸಿ ಮಿತವಾಗಿ ತಿಂದರೆ ತೊಂದರೆಯಿಲ್ಲ.

ಯಾವ ಉಪ್ಪು? ಅಯೋಡಿನ್ ಇರುವ ಉಪ್ಪು. ಕಲ್ಲುಪ್ಪು ಬಳಸುವ ಮನೆಗಳಲ್ಲಿ ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದ ಗುರುತು ಇದೆಯೇ ನೋಡಿ. ಮುಚ್ಚಳವಿರುವ ಡಬ್ಬಿಯಲ್ಲಿಡಿ. ಆದರೆ ಉಪ್ಪು ಮಾತ್ರೆಗೆ ಬದಲಿಯಲ್ಲ.

ಹೆರಿಗೆಯ ನಂತರ? ಸಾಮಾನ್ಯವಾಗಿ ಗರ್ಭಕ್ಕೆ ಮುಂಚಿನ ಡೋಸ್‌ಗೆ ಮರಳಬೇಕಾಗುತ್ತದೆ. ಸುಮಾರು 6 ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಥೈರಾಯ್ಡ್ ಪರೀಕ್ಷೆ ಮಾಡುವರೇ ಎಂದು ಆಸ್ಪತ್ರೆಯಲ್ಲಿ ಕೇಳಿ ಮಾಡಿಸಿ.

ಕೊನೆಯ ಮಾತು

ಆ ಸಹೋದರಿ ಮರುದಿನವೇ ಗಂಡನ ಜೊತೆ ವೈದ್ಯರ ಬಳಿ ಹೋದರು. ಟಿಎಸ್‌ಎಚ್ ತುಂಬ ಏರಿತ್ತು. ಮಾತ್ರೆ ಮತ್ತೆ ಶುರುವಾಯಿತು, ಡೋಸ್ ಹೆಚ್ಚಿತು, ತಿಂಗಳಿಗೊಮ್ಮೆ ಪರೀಕ್ಷೆ ನಡೆಯಿತು. ಹೆಣ್ಣು ಮಗು ಹುಟ್ಟಿದ ಸುದ್ದಿಯನ್ನು ಅವರ ತಮ್ಮನೇ ನಮಗೆ ತಿಳಿಸಿದ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮಾತ್ರೆಯಿಲ್ಲದೆ ಕಳೆದ ಆ ವಾರಗಳ ಬಗ್ಗೆ ಆಕೆಗೆ ಇನ್ನೂ ಬೇಸರವಿದೆ. "ಅತ್ತೆಯವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಅವರೇ ನನಗೆ ಮಾತ್ರೆ ನೆನಪಿಸುತ್ತಿದ್ದರು" ಎಂದಿದ್ದಾರೆ.

ಆ ಮಾತಿಗಾಗಿಯೇ ಈ ಪುಟಗಳು. ವಿದ್ಯಾರ್ಥಿವೇತನ ಪಡೆಯುವ ಮಕ್ಕಳಲ್ಲಿ ನಮ್ಮದೊಂದು ವಿನಂತಿ: ಈ ವರದಿ ಕೈಗೆ ಬಂದ ದಿನ, ಕನ್ನಡ ಓದಲು ಬಾರದ ಉಮ್ಮನಿಗೋ ಅಜ್ಜಿಗೋ ಅತ್ತಿಗೆಗೋ ಈ ಪಾಠವನ್ನು ಮನೆಯ ಭಾಷೆಯಲ್ಲಿ, ಬ್ಯಾರಿಯಲ್ಲೋ ಉರ್ದುವಿನಲ್ಲೋ, ಓದಿ ಹೇಳಿ. ಊರಿಗೆಲ್ಲ ಸುದ್ದಿ ಹೇಳಲು ಮೂರು ತಿಂಗಳು ಕಾಯುವುದು ನಿಮ್ಮ ಇಷ್ಟ. ವೈದ್ಯರಿಗೆ ಹೇಳಲು ಮಾತ್ರ ಕಾಯಬೇಡಿ.