ಹಳೆಯ ಶಾರ್ಟ್‌ವೇವ್ ರಿಸೀವರಿನಲ್ಲಿ ಆವೃತ್ತಿ ಓದುವುದು: ಒಂದು ಪ್ರಾಯೋಗಿಕ ಪಾಠ

ತರಗತಿ: 9. ವಿಷಯ: ವಿಜ್ಞಾನ ಮತ್ತು ಗಣಿತ. ಅವಧಿ: 45 ನಿಮಿಷ.

ಉದ್ದೇಶ: ಉಪಕರಣದ ಮೇಲೆ ಅಚ್ಚಾದ ಅಳತೆಯನ್ನು ತಿಳಿದ ಮಾನಕದೊಂದಿಗೆ ಹೋಲಿಸಿ ನೋಡುವುದು, ಅನುಪಾತವನ್ನು ಎಷ್ಟು ದೂರದವರೆಗೆ ನಂಬಬಹುದೆಂದು ನಿರ್ಧರಿಸುವುದು.

ಬೋಧನೋಪಕರಣಗಳು: ಬಿ.ಎಫ್.ಓ. ಇರುವ ಹಳೆಯ ರಿಸೀವರ್, 100 ಕಿಲೋಹರ್ಟ್ಸ್ ಕ್ರಿಸ್ಟಲ್ ಮಾರ್ಕರ್, ಡಯಲ್ ಪಕ್ಕ ಅಂಟಿಸಿದ 0–100 ಭಾಗಗಳ ಕಾಗದದ ಪಟ್ಟಿ.

ಪೂರ್ವಜ್ಞಾನ: ಯಲಹಂಕದ ಸುತ್ತಲಿನ ಮಕ್ಕಳು ಆಕಾಶವಾಣಿಯ 500 ಕಿಲೋವ್ಯಾಟ್ ಶಾರ್ಟ್‌ವೇವ್ ಪ್ರೇಷಕಗಳ ಆಂಟೆನಾ ಗೋಪುರಗಳನ್ನು ನೋಡಿರುತ್ತಾರೆ. ‘ಕೇಂದ್ರ ಹೇಳುವ ಆವೃತ್ತಿಯೂ ಡಯಲ್ ತೋರಿಸುವುದೂ ಒಂದೇ ಆಗಿರುತ್ತದೆಯೇ?’ ಎಂದು ಕೇಳಿ.

ಹಂತ 1: ರಿಸೀವರನ್ನು ಅರ್ಧ ಗಂಟೆ ಮೊದಲೇ ಚಾಲೂ ಮಾಡಿ. ಬಿಸಿಯಾಗುವಾಗ ಆವೃತ್ತಿ ಸರಿಯುತ್ತದೆ. ವಾಲ್ವ್ ಸೆಟ್ಟಿನೊಳಗೆ ಅಪಾಯಕಾರಿ ವೋಲ್ಟೇಜ್ ಇರುವುದರಿಂದ ಪೆಟ್ಟಿಗೆ ತೆರೆಯಬಾರದು.

ಹಂತ 2: ಮಾರ್ಕರ್ ಪ್ರತಿ 100 ಕಿಲೋಹರ್ಟ್ಸ್‌ಗೆ ಒಂದು ಸಂಕೇತ ಕೊಡುತ್ತದೆ. ಚೀನಾದ ಬಿಪಿಎಂ ಕಾಲಸೂಚಕ ಕೇಂದ್ರ 10 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿದರೆ ಮಾರ್ಕರನ್ನೇ ಅದರೊಂದಿಗೆ ಸರಿಹೊಂದಿಸಿ. ಅಲ್ಲಿಂದ ಒಂದೊಂದಾಗಿ ಎಣಿಸುತ್ತಾ ಕೆಳಗಿಳಿಯಿರಿ.

ಹಂತ 3: ಈ ಮಾದರಿ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. 9.0 ಮೆಗಾಹರ್ಟ್ಸ್ 14ನೇ ಭಾಗದಲ್ಲಿ, 9.5 42ರಲ್ಲಿ, 9.6 47ರಲ್ಲಿ, 10.0 66ರಲ್ಲಿ. ಅಪರಿಚಿತ ಕೇಂದ್ರ 44ರಲ್ಲಿದೆ. ಒಂದು ಗುಂಪು ತುದಿಯ ಎರಡು ಗುರುತುಗಳಿಂದ ಲೆಕ್ಕ ಹಾಕಲಿ: 9 + 30/52 = 9.577. ಇನ್ನೊಂದು ಗುಂಪು ಹತ್ತಿರದ ಗುರುತುಗಳಿಂದ: 9.5 + (2/5 × 0.1) = 9.540.

ಸೂತ್ರ ಒಂದೇ, ಉತ್ತರದಲ್ಲಿ 37 ಕಿಲೋಹರ್ಟ್ಸ್ ಅಂತರ. ಶಾರ್ಟ್‌ವೇವ್ ಪ್ರಸಾರ ಕೇಂದ್ರಗಳು 5 ಕಿಲೋಹರ್ಟ್ಸ್ ಅಂತರದಲ್ಲಿರುವುದರಿಂದ ಇದು ಏಳು ಸ್ಥಾನ ದಾಟಿದಂತೆ. ಕಾರಣವನ್ನು ಮಕ್ಕಳೇ ಗ್ರಾಫಿನಲ್ಲಿ ಕಾಣಲಿ: ಬಿಂದುಗಳು ಸರಳರೇಖೆಯಲ್ಲಿಲ್ಲ, ಮೇಲಿನ ಆವೃತ್ತಿಗಳು ಒತ್ತೊತ್ತಾಗಿವೆ. ಚಿಕ್ಕ ತುಂಡಿನಲ್ಲಿ ಮಾತ್ರ ವಕ್ರರೇಖೆ ಸರಳರೇಖೆಯಂತೆ ವರ್ತಿಸುತ್ತದೆ.

ಶಿಕ್ಷಕರಿಗೆ ಸೂಚನೆ: ಮಧ್ಯಂತರ ಆವೃತ್ತಿ 455 ಕಿಲೋಹರ್ಟ್ಸ್ ಇದ್ದು ಸ್ಥಳೀಯ ಆಂದೋಲಕ ಮೇಲಿದ್ದರೆ, 10.5ರ ಗುರುತು 910 ಕಿಲೋಹರ್ಟ್ಸ್ ಕೆಳಗೆ, 9.59ರಲ್ಲೂ ಕೇಳಿಸಬಹುದು. 9.6ರ ನಿಜವಾದ ಗುರುತು ಅದರ ಪಕ್ಕದಲ್ಲೇ ಇರುತ್ತದೆ. ಸಾಮಾನ್ಯವಾಗಿ ಜೋರಾಗಿರುವುದೇ ನಿಜವಾದದ್ದು.

ಮೌಲ್ಯಮಾಪನ: ಇಲ್ಲಿ ಒಂದು ಭಾಗಕ್ಕೆ 20 ಕಿಲೋಹರ್ಟ್ಸ್. ಅರ್ಧ ಭಾಗದವರೆಗೆ ಓದಬಲ್ಲ ವಿದ್ಯಾರ್ಥಿ ಉತ್ತರವನ್ನು 9.540 ಎಂದಷ್ಟೇ ಬರೆದರೆ ಸಾಕೇ? ‘ಸುಮಾರು 10 ಕಿಲೋಹರ್ಟ್ಸ್ ಹೆಚ್ಚು ಅಥವಾ ಕಡಿಮೆ’ ಎಂದು ಸೇರಿಸಿದ ವಿದ್ಯಾರ್ಥಿಗೆ ಪಾಠ ತಲುಪಿದೆ.