ಬಚ್ಚಂಗಾಯಿ ಗದ್ದೆಗೆ ಯಾವ ರೈಫಲ್?

ಪ್ರಶ್ನೆ: ನನಗೆ 36 ವರ್ಷ, ಊರು ಪೊಳಲಿ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಜಾತ್ರೆಗೆಂದು ಬಚ್ಚಂಗಾಯಿ (ಕಲ್ಲಂಗಡಿ) ಹಾಕುತ್ತೇನೆ. ಕಳೆದ ಸಲ ಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ನುಗ್ಗಿ ಎರಡೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತು ಹಾಕಿದವು. ಸೊಸೈಟಿಯ ಸಾಲ ಹಾಗೇ ಉಳಿಯಿತು. 78 ವರ್ಷದ ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇರುವ ಒಂಟಿನಳಿಗೆ ಕೋವಿ ಇದೆ, ಅವರು ಅದನ್ನು ಮುಟ್ಟದೆ ವರ್ಷಗಳಾದವು. ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ನನಗೆ ಬೋಲ್ಟ್ ಆ್ಯಕ್ಷನ್ ರೈಫಲ್ ತೆಗೆದುಕೊಳ್ಳಬೇಕೆಂದು ಮನಸ್ಸಾಗಿದೆ. ಕೊಡಗಿನ ಗೆಳೆಯನೊಬ್ಬ ಲೈಸೆನ್ಸೇ ಇಲ್ಲದೆ ಕೋವಿ ಇಟ್ಟುಕೊಂಡಿದ್ದಾನೆ. ನನ್ನ ಕೈಯಲ್ಲಿ 80,000 ರೂಪಾಯಿ ಇದೆ. ಅಷ್ಟರಲ್ಲಿ ಯಾವುದು ಒಳ್ಳೆಯದು? ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ, ಯಾಕೆಂದು ಕೇಳಿದರೆ ಹೇಳುವುದಿಲ್ಲ. ರಾತ್ರಿ ನಿದ್ದೆಯಿಲ್ಲ. ಒಮ್ಮೊಮ್ಮೆ ಎಲ್ಲ ಸಾಕು ಅನ್ನಿಸಿಬಿಡುತ್ತದೆ.
– ಹೆಸರು ಬೇಡ, ಪೊಳಲಿ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ‘ಎಲ್ಲ ಸಾಕು’ ಅಂದರೆ ಬೇಸಾಯ ಸಾಕು ಎಂದೇ, ಬದುಕೇ ಸಾಕು ಎಂದೇ? ಬೆಳೆ ಹೋಗಿ, ಸಾಲ ಉಳಿದು, ತಿಂಗಳುಗಟ್ಟಲೆ ನಿದ್ದೆಗೆಟ್ಟವರ ಮನಸ್ಸಿನಲ್ಲಿ ಎರಡನೆಯ ಯೋಚನೆಯೂ ಬರುತ್ತದೆ. ಅದು ನಾಚಿಕೆಪಡುವ ವಿಷಯವಲ್ಲ, ಬಚ್ಚಿಡುವ ವಿಷಯವೂ ಅಲ್ಲ. ಒಂದೇ ಒಂದು ಸಲ ಹಾಗೆ ಬಂದಿದ್ದರೂ ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ಹೆಂಡತಿಗೂ ಹೇಳಿ. ಅವರು ಬಾಯಿಬಿಟ್ಟು ಹೇಳದ ಕಾರಣ ಇದೇ ಇರಬಹುದು ಎಂದು ನನಗನ್ನಿಸುತ್ತದೆ. ಹಂದಿ ಬಂದ ರಾತ್ರಿಗಳನ್ನು ಮಾತ್ರ ನೀವು ಲೆಕ್ಕ ಹಾಕಿದ್ದೀರಿ, ನೀವು ಎದ್ದು ಕೂತಿದ್ದ ರಾತ್ರಿಗಳನ್ನೆಲ್ಲ ಅವರು ನೋಡಿದ್ದಾರೆ.

ಆದ್ದರಿಂದ ಈ ಭಾರ ಇಳಿಯುವ ತನಕ ಮನೆಗೆ ಹೊಸ ಕೋವಿ ಬೇಡ. ಅಜ್ಜನ ಕೋವಿಯನ್ನೂ ಸದ್ಯಕ್ಕೆ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಜೋಪಾನಕ್ಕೆ ಇಡಲು ಅಜ್ಜನನ್ನು ಒಪ್ಪಿಸಿ, ರಶೀದಿ ತೆಗೆದುಕೊಳ್ಳಿ. ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದ್ದು. ಆ ಹೊತ್ತಿನಲ್ಲಿ ಕೈಗೆಟುಕುವ ಕಡೆ ಕೋವಿ ಇರಬಾರದು. ಈ ಮಾತಿನಲ್ಲಿ ನಾನು ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ಇನ್ನು ನೀವು ಕೇಳಿದ್ದಕ್ಕೆ ಬರುತ್ತೇನೆ. ಬೋಲ್ಟ್ ಆ್ಯಕ್ಷನ್ ರೈಫಲ್ ಒಳ್ಳೆಯ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಪ್ರತಿ ಗುಂಡಿಗೂ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ ಕೂರಿಸಬೇಕು. ಒಳಗಿನ ಭಾಗಗಳು ಕಡಿಮೆ, ಕೆಡುವುದು ಅಪರೂಪ, ಗುರಿ ಖಚಿತ. ಆದರೆ ವಿಡಿಯೊಗಳಲ್ಲಿ ನೀವು ನೋಡುವ ರೆಮಿಂಗ್ಟನ್, ಸ್ಯಾವೇಜ್, ರೂಗರ್‌ಗಳು ಅಮೆರಿಕದವು. ಅವನ್ನು ಆಮದು ಮಾಡಿಕೊಳ್ಳಲು ನಮ್ಮ ಸಾಮಾನ್ಯ ರೈತನಿಗೆ ದಾರಿಯಿಲ್ಲ. ನಮ್ಮಲ್ಲಿ ನಾಗರಿಕರಿಗೆಂದು ಬೋಲ್ಟ್ ಆ್ಯಕ್ಷನ್ ತಯಾರಿಸುತ್ತ ಬಂದದ್ದು ಮುಖ್ಯವಾಗಿ ಬಂಗಾಳದ ಇಷಾಪುರದ ಸರಕಾರಿ ರೈಫಲ್ ಕಾರ್ಖಾನೆ. ಅದರ .315 ಬೋರಿನ ರೈಫಲ್ ಹೆಸರುವಾಸಿ. ಸೈನ್ಯದ .303 ಬೋರ್ ನಾಗರಿಕರಿಗೆ ನಿಷಿದ್ಧವಾದ್ದರಿಂದ ಈ .315 ಚಾಲ್ತಿಗೆ ಬಂತು.

ನಿಮ್ಮ ಕೈಯಲ್ಲಿ 80,000 ಇರಲಿ, ಎಂಟು ಲಕ್ಷ ಇರಲಿ, ಅದನ್ನು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮೊದಲ ಕಾರಣ ಪೊಳಲಿಯೇ. .315ರ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ 600 ಮೀಟರಿನ ಆಸುಪಾಸಿನ ವೇಗದಲ್ಲಿರುತ್ತದೆ. ಹಂದಿಗೆ ತಪ್ಪಿದರೆ, ಎಷ್ಟೋ ಸಲ ಹಂದಿಯನ್ನು ಹಾದು ಹೋದರೂ, ಅದು ಗದ್ದೆಯ ಅಂಚಿಗೆ ನಿಲ್ಲುವುದಿಲ್ಲ. ಬೆಟ್ಟದ ಇಳಿಜಾರೊಂದು ಹಿಂದೆ ಇಲ್ಲದಿದ್ದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ನೀರಿಗೋ ಬಂಡೆಗೋ ಓರೆಯಾಗಿ ತಾಗಿದರೆ ಪುಟಿದು ದಿಕ್ಕು ಬದಲಿಸುತ್ತದೆ. ನಿಮ್ಮ ಬೈಲಿನಲ್ಲಿ ತೋಟಕ್ಕೊಂದು ಮನೆ, ಮನೆಗೊಂದು ಅಂಗಳ. ಫಲ್ಗುಣಿ ಹೊಳೆಯ ಆಚೆ ಅಡ್ಡೂರು. ಜಾತ್ರೆಯ ತಿಂಗಳಲ್ಲಂತೂ ದೇವಸ್ಥಾನದ ದಾರಿಯಲ್ಲಿ ನಡುರಾತ್ರಿಗೂ ಜನ. ನಿಮ್ಮ ಹಾಗೆಯೇ ಹಣೆಗೆ ಟಾರ್ಚು ಕಟ್ಟಿಕೊಂಡು ಪಕ್ಕದ ತೋಟದವರೂ ಅದೇ ಹಂದಿಯನ್ನು ಕಾಯುತ್ತಿರುತ್ತಾರೆ. ಹಂದಿಯೆಂದು ತಿಳಿದು ಹಾರಿಸಿದ ಗುಂಡಿಗೆ ಜೊತೆಗಾರನೇ ಬಲಿಯಾದ ಸುದ್ದಿಯನ್ನು ಕರಾವಳಿ ಮಲೆನಾಡಿನ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ರೈಫಲ್ ಬಯಲುಸೀಮೆಯ ದೂರಕ್ಕೆ ಮಾಡಿದ್ದು. ಅಡಿಕೆ ಮರಗಳ ನಡುವೆ ಕತ್ತಲಲ್ಲಿ ನಿಮಗೆ ಕಾಣುವುದು ಮೂವತ್ತು ನಲವತ್ತು ಹೆಜ್ಜೆ.

ಎರಡನೆಯದು ಕಾನೂನು. ಬೆಳೆ ರಕ್ಷಣೆಗೆಂದು ಕೇಳಿದರೆ ಕೊಡಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಹೇಳುವುದು ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಯನಳಿಗೆಯ ತೋಟಾ ಕೋವಿ. ನಳಿಗೆಯ ಒಳಗೆ ಸುರುಳಿ ಗೆರೆ ಇರುವ ರೈಫಲಿನ ಹೆಸರೇ ಅಲ್ಲಿಲ್ಲ. ಅದಕ್ಕೆ ಬೇರೆಯೇ ಬಲವಾದ ಕಾರಣ ತೋರಿಸಬೇಕು. ಬಂಟ್ವಾಳ ತಾಲೂಕಿನವರಿಗೆ ಆ ತೀರ್ಮಾನ ಜಿಲ್ಲಾಧಿಕಾರಿಯದು. ಕೊಡಗಿನ ಗೆಳೆಯರ ಮಾತು ನಿಮಗೆ ಅನ್ವಯಿಸುವುದಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಮಾತ್ರ ಇರುವ ಲೈಸೆನ್ಸ್ ವಿನಾಯಿತಿ ಅದು. ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿದೆ. ಅವರಿಗೂ ಅದು ಬೇಟೆಯ ಪರವಾನಗಿಯಲ್ಲ.

ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೈಯಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದರೂ ಹಂದಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರ, ಇಲ್ಲವೇ ಅವರು ಅಧಿಕಾರ ಕೊಟ್ಟವರ, ಲಿಖಿತ ಅನುಮತಿ ಬೇಕು. ಅನುಮತಿಯಿಲ್ಲದೆ ಹೊಡೆದರೆ ಸತ್ತ ಹಂದಿ ಸರಕಾರದ ಸ್ವತ್ತು, ಮಾಂಸ ಪಾಲು ಮಾಡಿಕೊಂಡವರೆಲ್ಲ ಆರೋಪಿಗಳು. ಶಿಕ್ಷೆಯಾದರೆ ಕೋವಿಯ ಲೈಸೆನ್ಸನ್ನೂ ರದ್ದುಮಾಡಿ ಐದು ವರ್ಷ ಮತ್ತೆ ಕೊಡದಂತೆ ನ್ಯಾಯಾಲಯ ಆದೇಶಿಸಬಹುದು.

ಈ ಏರ್ಪಾಡು ರೈತನಿಗೆ ನ್ಯಾಯ ಕೊಡುತ್ತಿದೆ ಎಂದು ನಾನು ಹೇಳಲಾರೆ. ಕೋವಿಗೆ ಒಂದು ಕಚೇರಿ, ಅದನ್ನು ಬಳಸಲು ಇನ್ನೊಂದು ಕಚೇರಿ. ಅಷ್ಟರಲ್ಲಿ ಬೆಳೆ ಮುಗಿದಿರುತ್ತದೆ. ಕೇರಳದಲ್ಲಿ 2022ರಿಂದ ಹಾವಳಿಯ ಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರ ಮಟ್ಟಕ್ಕೇ ಇಳಿಸಿದ್ದಾರೆ. ಅಲ್ಲಿ ಹೊಡೆಯುವವರು ಲೈಸೆನ್ಸ್ ಇರುವ, ಪಂಚಾಯತ್ ಗೊತ್ತುಮಾಡಿದ ಜನ. ಆ ಆದೇಶ ಗಡಿಯ ತಲಪಾಡಿಯ ಈಚೆಗೆ ನಡೆಯದು. ನಮ್ಮಲ್ಲೂ ಹತ್ತಿರದ, ಬೇಗನೆ ಉತ್ತರ ಕೊಡುವ ಒಂದು ಬಾಗಿಲು ಬೇಕು ಎಂದು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಗ್ರಾಮದವರೆಲ್ಲ ಸೇರಿ ಬರೆದ ಅರ್ಜಿಗೆ ಒಬ್ಬರದಕ್ಕಿಂತ ಬಲ ಹೆಚ್ಚು.

ನಿಮ್ಮ 80,000 ರೂಪಾಯಿಯನ್ನು ಬೇಲಿಗೆ ಹಾಕಿ. ಸೌರಬೇಲಿಗೆ ಸಹಾಯಧನ ಕೊಡುವ ಯೋಜನೆ ಅರಣ್ಯ ಇಲಾಖೆಯಲ್ಲಿದೆ. ಈ ವರ್ಷದ ಅನುದಾನ ಇದೆಯೇ ಎಂದು ಬಂಟ್ವಾಳದ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಹಂದಿಗೆ ಎತ್ತರದ ಬೇಲಿ ಬೇಕಿಲ್ಲ, ತಗ್ಗಿನ ತಂತಿ ಬೇಕು. ಅದು ಹಾರುವುದಕ್ಕಿಂತ ಹೆಚ್ಚಾಗಿ ಮೂತಿ ತೂರಿಸಿ ಎತ್ತುವ ಪ್ರಾಣಿ. ನೆಲದಿಂದ ಒಂದು ಗೇಣು ಎತ್ತರಕ್ಕೆ ಮೊದಲ ತಂತಿ, ಮೊಣಕಾಲಿನ ಎತ್ತರಕ್ಕೆ ಎರಡನೆಯದು. ಒದ್ದೆ ಮೂತಿಗೆ ತಂತಿ ತಾಗಿದರೆ ಹಂದಿ ಆ ದಾರಿ ಬಿಡುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಸೋರಿ ಹೋಗುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಕತ್ತಿ ಆಡಿಸಬೇಕು. ನಮ್ಮ ಕಡೆ ಬಹಳ ಜನ ಮರೆಯುವುದು ನೆಲಕ್ಕೆ ಹುಗಿದ ಅರ್ಥ್ ಸಲಾಕೆಯನ್ನು. ಬಚ್ಚಂಗಾಯಿಯ ಕಾಲಕ್ಕೆ, ಫೆಬ್ರವರಿ ಮಾರ್ಚಿನಲ್ಲಿ, ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಶಾಕ್ ಮೆತ್ತಗಾಗುತ್ತದೆ, ಬೇಲಿ ಉಪಯೋಗವಿಲ್ಲ ಎಂದು ಜನ ಬೈಯುತ್ತಾರೆ. ಆ ಸಲಾಕೆಯ ಬುಡಕ್ಕೆ ದಿನಾ ಒಂದು ಕೊಡಪಾನ ನೀರು ಹೊಯ್ಯಿರಿ. ಬಳ್ಳಿ ಹೂ ಬಿಡುವ ಮೊದಲೇ ಬೇಲಿಗೆ ಜೀವ ಬಂದಿರಬೇಕು. ಹಣ್ಣಿನ ರುಚಿ ಹತ್ತಿದ ಹಂದಿ ಶಾಕ್ ತಿಂದಾದರೂ ಒಮ್ಮೆ ನುಗ್ಗಿ ನೋಡುತ್ತದೆ. ಮಂಗಕ್ಕೆ ಮಾತ್ರ ಈ ಬೇಲಿಯಿಂದ ಏನೂ ಆಗುವುದಿಲ್ಲ.

ಯಾರಾದರೂ ಮನೆಯ ಲೈನಿನಿಂದಲೇ ತಂತಿ ಎಳೆದುಬಿಡಿ, ಖರ್ಚು ಕಡಿಮೆ ಎಂದರೆ ಅವರ ಮಾತು ಕೇಳಬೇಡಿ. ಸೌರಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹೊಡೆದು ಬಿಡುತ್ತದೆ, ಆದ್ದರಿಂದ ಕೈ ಹಿಂದಕ್ಕೆ ಬರುತ್ತದೆ. ಮನೆಯ ಕರೆಂಟು ಹಿಡಿದುಕೊಂಡೇ ಕೊಲ್ಲುತ್ತದೆ. ಬೆಳಗ್ಗೆ ಅಡಿಕೆ ಹೆಕ್ಕಲು ಬಂದ ಮಗುವಿಗೂ ಹಂದಿಗೂ ಅದಕ್ಕೆ ಭೇದವಿಲ್ಲ.

ಮತ್ತೆ ಹಾನಿಯಾದರೆ ಗದ್ದೆ ಸರಿಮಾಡುವ ಮೊದಲು ಫೋಟೊ ತೆಗೆದು, ಆರ್‌ಟಿಸಿ ಜೊತೆ ವಲಯ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ. ಮೊತ್ತ ನಿಮ್ಮ ನಷ್ಟಕ್ಕೆ ಸಮವಾಗಲಾರದು, ಆದರೂ ಕೊಡಿ. ಸೊಸೈಟಿಯಲ್ಲಿ ಸಾಲದ ಅವಧಿ ವಿಸ್ತರಿಸಲು ಕೇಳುವಾಗ ಆ ಕಾಗದ ಕೈಯಲ್ಲಿರಬೇಕು.

ಅಜ್ಜನ ಕೋವಿಯ ವಿಷಯ ಒಂದಿಷ್ಟು. ಅವರ ಲೈಸೆನ್ಸಿನ ಕೋವಿಯನ್ನು ನೀವು ಹಿಡಿದು ತೋಟಕ್ಕೆ ಹೋದರೆ ಅದೇ ಅಪರಾಧ, ಮೊಮ್ಮಗ ಎಂಬುದು ಅಲ್ಲಿ ನಡೆಯುವುದಿಲ್ಲ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 70 ವರ್ಷ ದಾಟಿದವರು, ಇಲ್ಲವೇ 25 ವರ್ಷ ಕೋವಿ ಇಟ್ಟುಕೊಂಡವರು, ತಮ್ಮ ಕಾನೂನುಬದ್ಧ ವಾರಸುದಾರರೊಬ್ಬರ ಹೆಸರಿಗೆ ಕೊಡಿಸಬಹುದು. ಅಜ್ಜ ಇರುವಾಗಲೇ ಇದು ಸಾಧ್ಯ. ವಾರಸಿನ ದಾಖಲೆಯಲ್ಲಿ ನಿಮ್ಮ ಹೆಸರಿನ ಜಾಗ ಯಾವುದು, ಮನೆಯ ಉಳಿದವರ ಒಪ್ಪಿಗೆ ಬೇಕೇ ಎಂದು ಮೊದಲು ವಿಚಾರಿಸಿ. ಅರ್ಜಿಯ ಜೊತೆ ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ ಕೇಳುತ್ತಾರೆ. ಅದನ್ನು ಬರೀ ಕಾಗದವೆಂದು ಎಣಿಸಬೇಡಿ. ವೈದ್ಯರ ಎದುರು ಕುಳಿತಾಗ ನಿದ್ದೆಯಿಲ್ಲದ ಮಾತನ್ನು ಮುಚ್ಚಿಡದೆ ಹೇಳಿ. ಸರಿಯಾಗುವ ತನಕ ಕಾಯಬೇಕೆಂದು ಅವರು ಹೇಳಿದರೆ ಕಾಯಿರಿ. ಅಷ್ಟರಲ್ಲಿ ಬೇಲಿ ತನ್ನ ಕೆಲಸ ಮಾಡುತ್ತಿರುತ್ತದೆ.

ಮುಂದೊಂದು ದಿನ ಕೋವಿ ನಿಮ್ಮ ಹೆಸರಿಗೆ ಬಂದರೆ, ಹಾರಿಸುವ ಮೊದಲು ಮಂಗಳೂರಿನ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ವರ್ಷಗಟ್ಟಲೆ ಎತ್ತದ ಕೋವಿಗೆ ನಮ್ಮ ಮಳೆಗಾಲದ ತೇವ ದೊಡ್ಡ ಶತ್ರು. ನಳಿಗೆಯನ್ನು ಬೆಳಕಿಗೆ ಹಿಡಿದಾಗ ಒಳಗೆ ತುಕ್ಕಿನ ಗುಳಿ ಕಂಡರೆ, ಮಡಚುವ ಕಡೆ ಅಲ್ಲಾಡಿದರೆ, ಮುಂದೆ ಹೋಗಬೇಡಿ. ಹಳೆಯ 12 ಬೋರಿನ ಎಷ್ಟೋ ಕೋವಿಗಳ ತೋಟೆ ಕೂರುವ ಜಾಗ 65 ಮಿಲಿಮೀಟರಿನದು. ಅದಕ್ಕೆ ಈಗಿನ 70 ಮಿಲಿಮೀಟರಿನ ತೋಟೆ ಹಾಕಿದರೆ ಒಳಗೆ ಒತ್ತಡ ಏರಿ ನಳಿಗೆ ಒಡೆಯಬಹುದು. ಕಪಾಟಿನಲ್ಲಿ ಅಜ್ಜ ಉಳಿಸಿದ, ತೇವಕ್ಕೆ ಉಬ್ಬಿದ ಹಳೆಯ ತೋಟೆಗಳಿದ್ದರೆ ಅವನ್ನು ಬಳಸಬೇಡಿ, ಕೋವಿ ಅಂಗಡಿಗೆ ಹಿಂತಿರುಗಿಸಿ. ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದು ಬೀಗದಲ್ಲಿ ಇರಲಿ. ತೋಟೆಯ ಬೀಗದ ಕೈ ನಿಮ್ಮ ಹೆಂಡತಿಯ ಬಳಿ ಇರಲಿ ಎಂದು ನನ್ನ ಆಸೆ. ಚುನಾವಣೆ ಬಂದಾಗ ಠೇವಣಿ ಇಡಲು ಠಾಣೆಯಿಂದ ಹೇಳಿಕಳಿಸುತ್ತಾರೆ. ಬೆಳೆ ಕಾಯುವ ಕಾಲವಾದರೆ ಜಿಲ್ಲೆಯ ಪರಿಶೀಲನಾ ಸಮಿತಿಗೆ ಕಾರಣ ಬರೆದು ವಿನಾಯಿತಿ ಕೇಳುವ ಅವಕಾಶವಿದೆ.

ಈ ವಾರ ಮೂರು ಕೆಲಸ ಮಾಡಿ: ಫೋನು, ಅಜ್ಜನ ಜೊತೆ ಮಾತು, ವಲಯ ಕಚೇರಿಗೆ ಒಂದು ಭೇಟಿ. ಕಚೇರಿಗೆ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಬೇಲಿಯ ಲೆಕ್ಕ ಇಬ್ಬರೂ ಕೂಡಿ ಹಾಕಿ. ನಿದ್ದೆ ಹೇಗಿದೆ ಎಂದು ನನಗೆ ಇನ್ನೊಂದು ಪತ್ರ ಬರೆಯಿರಿ. ಅದನ್ನು ಅಂಕಣದಲ್ಲಿ ಹಾಕುವುದಿಲ್ಲ, ಉತ್ತರ ನಿಮಗೇ ಬರುತ್ತದೆ.